ಎಷ್ಟು ಕೂರಿಗಿ ಹೊಲ ಇತ್ತಂತ?

ನಮ್ಮ ಕಡೆಯವರಿಗೆ ಬೆಂಗಳೂರು ರಾಜಧಾನಿ, ಹೈದರಾಬಾದು ಪಟ್ಟಣ. ರಾಜಧಾನಿಗೆ ಅರ್ಜಿ ಹಿಡಿದುಕೊಂಡು ಹೋಗಬೇಕು. ಪಟ್ಟಣಕ್ಕೆ ಚೀಲ ಹಿಡಿದುಕೊಂಡು ಹೋದರೆ ಸಾಕು. ರಾಯಚೂರಿನಿಂದ ಬೆಂಗಳೂರು 400 ಕಿಲೋಮೀಟರ್ ದಾಟುತ್ತದೆ, ಹೈದರಾಬಾದು ಅದರ ಅರ್ಧ. ದೊಡ್ಡ ಕಾಯಿಲೆ ಬಂದರೆ, ಮದುವೆಗೆ ಜವಳಿ ತರಬೇಕಾದರೆ, ಮಗನಿಗೆ ಎಲ್ಲಾದರೂ ಒಂದು ಕೆಲಸ ಸಿಗಬಹುದೆಂಬ ಆಸೆಯಾದರೆ ಪಾಮನಕಲ್ಲೂರಿನಂಥ ಊರಿನಿಂದಲೂ ಜನ ರಾಯಚೂರಿಗೆ ಬಂದು ಹೈದರಾಬಾದಿನ ಬಸ್ಸು ಹತ್ತುತ್ತಾರೆ. ದೇವಸೂಗೂರಿನ ಹತ್ತಿರ ಕೃಷ್ಣೆ ದಾಟಿದರೆ ತೆಲಂಗಾಣ. 1956ರ ನವೆಂಬರ್ 1ರವರೆಗೆ ಅಲ್ಲಿ ಗಡಿ ಎಂಬುದೇ ಇರಲಿಲ್ಲ. ಹೊಳೆಯ ಎರಡೂ ದಂಡೆ ಹೈದರಾಬಾದಿನವೇ.

ಪಟ್ಟಣಕ್ಕೆ ಹೋದವರು ಕೆಲಸ ಮುಗಿದು ಒಂದು ದಿನ ಉಳಿದರೆ ನೋಡುವುದು ಮೂರು: ಚಾರ್‌ಮಿನಾರ್, ಝೂ, ಸಾಲಾರ್ ಜಂಗ್. ಮೂರನೆಯದನ್ನು ನೋಡಿ ಬಂದವರು ಊರಿನ ಕಟ್ಟೆಯ ಮೇಲೆ ಹೇಳುವುದೂ ಮೂರೇ. ಗಂಟೆ ಹೊಡೆಯುವ ಗೊಂಬೆ, ಕಲ್ಲಿನ ಮುಸುಕು ಹೊದ್ದ ಹೆಣ್ಣು, ಮತ್ತು 'ಇಷ್ಟೂ ಸಾಮಾನು ಒಬ್ಬಾವನ ಕೂಡಿಸಿದ್ದಂತ' ಎಂಬ ಮಾತು. ನಾನೂ ಈ ಮೂರನ್ನು ಕೇಳುತ್ತಲೇ ಬೆಳೆದವನು. ಮೂರನೆಯ ಮಾತನ್ನು ಬಿಡಿಸಿ ನೋಡಬೇಕೆಂದು ಅನಿಸಿದ್ದು ನಮ್ಮ ಕಾಕಾ ಜೊತೆಗೆ ಹೋದಾಗ.

ಕಾಕಾನ ಕಣ್ಣು ತೋರಿಸಲು ಹೋಗಿದ್ದೆವು. ವೈದ್ಯರು ಮರುದಿನ ಬರಹೇಳಿದ್ದರು. ಅಂದು ಶುಕ್ರವಾರವಲ್ಲ, ಶುಕ್ರವಾರ ಅಲ್ಲಿ ಬಾಗಿಲು ಹಾಕಿರುತ್ತದೆ. ಮೂಸಿ ನದಿಯ ನಡುವಿನ ದೊಡ್ಡ ಬಸ್‌ ನಿಲ್ದಾಣದಿಂದ ಮ್ಯೂಸಿಯಮ್ಮಿಗೆ ನಡೆದೇ ಹೋಗಬಹುದು. ಕಾಕಾ ಐದು ದಶಕ ಮಳೆ ನಂಬಿಕೊಂಡು ಎರೆಹೊಲ ಮಾಡಿದವರು. ತೊಗರಿ, ಹತ್ತಿ, ಕಡಲೆ, ಹಿಂಗಾರಿಗೆ ಬಿಳಿಜೋಳ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಸುತ್ತಲ ಹಳ್ಳಿಗಳ ರೈತರು 2020ರ ಕೊನೆಗೆ ಪಾಮನಕಲ್ಲೂರಿನಲ್ಲಿ ಟೆಂಟು ಹಾಕಿ ಧರಣಿ ಕೂತರಲ್ಲ, ಅವರಲ್ಲಿ ಒಬ್ಬರು. ಲೆಕ್ಕದಲ್ಲಿ ಗಟ್ಟಿ. ಯಾವ ಹೊಲ ಎಷ್ಟು ಕೂರಿಗಿ, ಯಾವ ವರ್ಷ ಎಷ್ಟು ಚೀಲ ಬಂತು, ಅದರಲ್ಲಿ ಸಾಲಕ್ಕೆ ಎಷ್ಟು ಹೋಯಿತು ಎಂದು ಬೆರಳ ಮೇಲೆ ಹೇಳುತ್ತಾರೆ.

ಒಳಗೆ ಹೋದ ಮೇಲೆ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಸುಮಾರು 43,000 ಕಲಾವಸ್ತುಗಳ ಸಂಗ್ರಹವದು, ಹಸ್ತಪ್ರತಿ ಮತ್ತು ಪುಸ್ತಕಗಳದು ಬೇರೆ ಲೆಕ್ಕ. ಯುರೋಪಿನ ಗಾಜು, ಚೀನಾ ಜಪಾನಿನ ಪಿಂಗಾಣಿ, ಪರ್ಷಿಯಾದ ರತ್ನಗಂಬಳಿ, ಫ್ರಾನ್ಸಿನ ಕುರ್ಚಿ ಮೇಜು, ದಂತದ ಕೆತ್ತನೆ, ಹಸಿರು ಜೇಡ್ ಕಲ್ಲಿನ ಹಿಡಿಯ ಕಠಾರಿಗಳು. ಕೋಣೆಯಿಂದ ಕೋಣೆಗೆ ಹೋದಂತೆ ಕಣ್ಣಿಗೆ ದಣಿವಾಗುತ್ತದೆ. ನಾಲ್ಕನೆಯದೋ ಐದನೆಯದೋ ಕೋಣೆಯಲ್ಲಿ, ನೂರಾರು ಹೂದಾನಿಗಳ ಎದುರು ನಿಂತು ಕಾಕಾ ಮೆಲ್ಲಗೆ ಕೇಳಿದರು.

"ತಮ್ಮಾ, ಇದೆಲ್ಲಾ ಒಬ್ಬರದ?"

"ಹೌದು ಕಾಕಾ. ಹಂಗಂತಾರ."

"ಎಷ್ಟು ಕೂರಿಗಿ ಹೊಲ ಇತ್ತಂತ ಅವರಿಗೆ?"

ಪಕ್ಕದಲ್ಲಿದ್ದ ಒಂದಿಬ್ಬರು ನಕ್ಕರು. ಅವರಿಗೆ ಅದು ಹಳ್ಳಿಯವನ ಮುಗ್ಧ ಪ್ರಶ್ನೆಯಾಗಿ ಕೇಳಿಸಿರಬೇಕು. ಕಾಕಾ ಮುಗ್ಧತೆಯಿಂದ ಕೇಳಿರಲಿಲ್ಲ. ಹೊಲದಿಂದ ಬಾರದ ಹಣ ಅವರಿಗೆ ಗೊತ್ತಿಲ್ಲ. ಯಾವ ಸಂಪತ್ತನ್ನು ತೋರಿಸಿದರೂ ಅದರ ತಳದಲ್ಲಿ ಯಾವುದೋ ಒಂದು ಹೊಲ ಇರಲೇಬೇಕು ಎಂಬುದು ಅವರ ತಿಳಿವಳಿಕೆ. ಸಾಲಾರ್ ಜಂಗರ ಮಟ್ಟಿಗೆ ಆ ತಿಳಿವಳಿಕೆ ಅಕ್ಷರಶಃ ನಿಜ. ಆ ಹೊಲಗಳಲ್ಲಿ ಒಂದಷ್ಟು ಇರುವುದು ನಮ್ಮ ಪಕ್ಕದಲ್ಲೇ.

ಮೊದಲು ಮನೆತನದ ಮಾತು. ಸಾಲಾರ್ ಜಂಗ್ ಎಂಬುದು ಒಬ್ಬರ ಹೆಸರಲ್ಲ, ನಿಜಾಮರು ಕೊಟ್ಟ ಬಿರುದು. ಆ ಬಿರುದಿನಿಂದ ನಾವು ನೆನೆಯುವವರು ಮೂವರು. ಮೊದಲನೆಯವರು ಮೀರ್ ತುರಾಬ್ ಅಲಿ ಖಾನ್. 1853ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಹೈದರಾಬಾದಿನ ದಿವಾನರಾದರು. 1883ರಲ್ಲಿ ಸಾಯುವವರೆಗೂ ಆ ಗಾದಿಯಲ್ಲಿದ್ದರು. ಎರಡನೆಯವರು ಅವರ ಮಗ ಮೀರ್ ಲಾಯಕ್ ಅಲಿ ಖಾನ್. ಅವರೂ ದಿವಾನರಾದವರು, 1889ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅದೇ ವರ್ಷ ಹುಟ್ಟಿದ ಕೂಸು ಮೂರನೆಯವರು, ಮೀರ್ ಯೂಸುಫ್ ಅಲಿ ಖಾನ್. 1912ರಿಂದ 1914ರವರೆಗೆ ದಿವಾನಗಿರಿ ಮಾಡಿ ಬಿಟ್ಟುಕೊಟ್ಟರು. ಆಮೇಲಿನ ಮೂವತ್ತೈದು ವರ್ಷ ಅವರಿಗೆ ಇದ್ದದ್ದು ಒಂದೇ ಕಸುಬು, ಕೊಳ್ಳುವುದು. ಮದುವೆಯಾಗಲಿಲ್ಲ. ದೇಶವಿದೇಶದ ವ್ಯಾಪಾರಿಗಳು ಅವರ ಬಾಗಿಲಿಗೆ ಬರುತ್ತಿದ್ದರು. 1949ರ ಮಾರ್ಚ್ 2ರಂದು ತೀರಿಕೊಂಡಾಗ ಅರಮನೆ ತುಂಬ ಸಾಮಾನಿತ್ತು, ಮಕ್ಕಳಿರಲಿಲ್ಲ.

ಆ ಅರಮನೆಯ ಹೆಸರು ದಿವಾನ್ ದೇವಡಿ. ನಾವು ನೋಡುವ ಈಗಿನ ಮ್ಯೂಸಿಯಮ್ಮು ಅರಮನೆಯಲ್ಲ; ದಾರುಲ್ ಶಿಫಾದಲ್ಲಿ, ಮೂಸಿಯ ದಕ್ಷಿಣ ದಂಡೆಯ ಮೇಲೆ ಅದಕ್ಕಾಗಿಯೇ ಕಟ್ಟಿದ ಕಟ್ಟಡ. ಮ್ಯೂಸಿಯಮ್ಮು ಶುರುವಾದದ್ದು ಚಾರ್‌ಮಿನಾರಿನ ದಾರಿಯ ಪತ್ಥರ್‌ಗಟ್ಟಿಯ ಬಳಿ ಮನೆತನದವರು ತಲೆತಲಾಂತರದಿಂದ ಬಾಳಿದ ದೇವಡಿಯಲ್ಲಿ. ಅಲ್ಲಿ ಕನ್ನಡಿಗಳಿಂದ ತುಂಬಿದ ಆಯಿನಾ ಖಾನಾ ಇತ್ತು, ಪಿಂಗಾಣಿಯಿಂದ ಸಿಂಗರಿಸಿದ ಚೀನಿ ಖಾನಾ ಇತ್ತು. ಒಡೆಯ ತೀರಿಕೊಂಡ ಮೇಲೆ ಸರ್ಕಾರ ಆಸ್ತಿಯನ್ನು ನೋಡಿಕೊಳ್ಳಲು ಒಂದು ಸಮಿತಿ ಮಾಡಿತು. ಬೇರೆ ಬೇರೆ ಮನೆಗಳಲ್ಲಿ ಚದುರಿದ್ದ ವಸ್ತುಗಳನ್ನು ಒಟ್ಟುಮಾಡಿ ಜೋಡಿಸಲು ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ಅವರನ್ನು ಕರೆದರು.

ಈ ಹೆಸರು ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ಗೊತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಬಂದ ಪುಟ್ಟಪ್ಪ ಎಂಬ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದ ಐರಿಷ್ ಕವಿ ಇವರೇ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳುವುದರಲ್ಲೂ ಅವರ ಕೈಯಿತ್ತು. ಅಂಥವರು ಜೋಡಿಸಿಕೊಟ್ಟ ದಿವಾನ್ ದೇವಡಿಯನ್ನು 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಜನರಿಗೆ ತೆರೆದರು. ವಾರಸುದಾರರು ರಾಜಿಯಾಗಿ ಸಂಗ್ರಹವನ್ನು ಬಿಟ್ಟುಕೊಟ್ಟರು; 1961ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿಸಿತು; 1968ರಲ್ಲಿ ಸಾಮಾನೆಲ್ಲ ಹೊಸ ಕಟ್ಟಡಕ್ಕೆ ಬಂತು.

ನಾವು ನೋಡಿದ್ದು ಆ ಸಾಮಾನು. ಹನ್ನೊಂದು ಗಂಟೆಗೆ ಹತ್ತು ನಿಮಿಷವಿರುವಾಗ ಜನ ಒಂದೇ ಕಡೆ ನಡೆಯತೊಡಗಿದರು. ಅಂಗಳದಲ್ಲಿ ಗಡಿಯಾರದ ಎದುರು ಕೂರಲು ಜಾಗ ಮಾಡಿದ್ದಾರೆ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯಿಂದ ಬಂದ ಗಡಿಯಾರ. ಗಂಟೆಗೆ ಸ್ವಲ್ಪ ಮುಂಚೆ ಗಡ್ಡದ ಗೊಂಬೆಯೊಂದು ಬಾಗಿಲು ತೆರೆದು ಬಂದು, ಎಷ್ಟು ಗಂಟೆಯೋ ಅಷ್ಟು ಪೆಟ್ಟು ಹೊಡೆದು ಒಳಗೆ ಹೋಗುತ್ತದೆ. ಮೇಲೆ ಒಬ್ಬ ಕಮ್ಮಾರ ಸುತ್ತಿಗೆ ಎತ್ತಿ ಎತ್ತಿ ಸೆಕೆಂಡು ಹೊಡೆಯುತ್ತಲೇ ಇರುತ್ತಾನೆ. ಎಲ್ಲರೂ ಗಡ್ಡದವನಿಗಾಗಿ ಕಾಯುತ್ತಿದ್ದರೆ ಕಾಕಾ ಕಮ್ಮಾರನನ್ನೇ ನೋಡುತ್ತಿದ್ದರು. "ಅವ ತಾಸಿಗೊಮ್ಮಿ ಬಂದು ಹೋಗ್ತಾನ, ಜನ ಚಪ್ಪಾಳಿ ಹೊಡಿತಾರ. ಇಂವ ನೋಡು, ನಿಂದ್ರಾಂಗಿಲ್ಲ, ಕೂಡಾಂಗಿಲ್ಲ."

ಆಮೇಲೆ ಮುಸುಕಿನ ರೆಬೆಕ್ಕಾ. ಇಟಲಿಯ ಶಿಲ್ಪಿ ಬೆನ್ಜೋನಿ ಮಾಡಿದ ಬಿಳಿ ಅಮೃತಶಿಲೆಯ ಪ್ರತಿಮೆ. ಬೈಬಲ್ಲಿನ ಕತೆಯ ಮದುಮಗಳು ಗಂಡನಾಗುವವನನ್ನು ನೋಡುವ ಮೊದಲು ಮುಖದ ಮೇಲೆ ಮುಸುಕೆಳೆದುಕೊಂಡಿದ್ದಾಳೆ. ಮುಸುಕೂ ಕಲ್ಲೇ, ಮುಖವೂ ಕಲ್ಲೇ. ಆದರೂ ಮುಸುಕಿನೊಳಗಿಂದ ಮೂಗು, ತುಟಿ, ರೆಪ್ಪೆ ಕಾಣುತ್ತವೆ. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಳ್ಯಾಗ ತೊಯ್ಸಿಕೊಂಡು ಬಂದಾಕಿ ಇದ್ದಂಗ ಐತಿ" ಎಂದರು. ಆ ಶಿಲ್ಪದ ಬಗ್ಗೆ ನಾನು ಓದಿದ ಯಾವ ವರ್ಣನೆಯೂ ಇಷ್ಟು ಸರಿಯಾಗಿರಲಿಲ್ಲ. ಮುಂದೆ ಒಂದೇ ಮರದ ದಿಮ್ಮಿಯಲ್ಲಿ ಕೆತ್ತಿದ ಜೋಡಿ ಶಿಲ್ಪವಿದೆ. ಎದುರಿನಿಂದ ಗರ್ವದ ಮೆಫಿಸ್ಟೊಫಿಲಿಸ್. ಹಿಂದೆ ಇಟ್ಟ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿ ನಿಂತ ಮಾರ್ಗರೆಟ್. ಗಯಟೆಯ ಫೌಸ್ಟ್ ನಾಟಕದ ಸೈತಾನ ಮತ್ತು ಅವನ ಆಟದಲ್ಲಿ ಕೆಟ್ಟುಹೋದ ಹುಡುಗಿ. ಒಂದೇ ದಿಮ್ಮಿಗೆ ಎರಡು ಮುಖ.

ಬಿದರಿ ವಸ್ತುಗಳ ಎದುರು ಬಂದಾಗ ನನಗೆ ಊರಿನವರು ಸಿಕ್ಕಂತಾಯಿತು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಉಳಿಯಿಂದ ಬಳ್ಳಿ ಹೂವು ಕೊರೆದು, ಕೊರೆದ ಸಂದಿಯಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನ ಜೊತೆ ನವಸಾಗರ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಹುಕ್ಕಾದ ಬುಡ, ಪಾನದಾನಿ, ತಟ್ಟೆ, ಹೂಜಿ. ಲೋಕದ ಎಲ್ಲ ಕಡೆಯ ಸಾಮಾನಿನ ನಡುವೆ ಊರಿನ ಹೆಸರನ್ನೇ ಹೆಸರಾಗಿ ಹೊತ್ತು ನಿಂತ ಕಸುಬು. ಇದನ್ನು ಮಾಡಿದ್ದು ಬೀದರಿನ ಮಣ್ಣಿನಿಂದ ಎಂದು ನಾನು ಹೇಳಿದಾಗ ಕಾಕಾಗೆ ಸಮಾಧಾನವಾಯಿತು. "ಮಣ್ಣಿನ ಲೆಕ್ಕ ಒಂದಕ್ಕರ ಸಿಕ್ತು ಬಿಡು" ಎಂದರು.

ಉಳಿದವುಗಳ ಲೆಕ್ಕವನ್ನು ಅವರಿಗೆ ಹೇಳಿದ್ದು ಸಂಜೆ, ಚಹಾ ಕುಡಿಯುತ್ತ.

ನಿಜಾಮರ ಸಂಸ್ಥಾನದ ನೆಲವೆಲ್ಲ ಒಂದೇ ಬಗೆಯದಾಗಿರಲಿಲ್ಲ. ದಿವಾನಿ ಅಥವಾ ಖಾಲ್ಸಾ ಎಂಬ ನೆಲದ ಕಂದಾಯ ಸರ್ಕಾರದ ಖಜಾನೆಗೆ ಹೋಗುತ್ತಿತ್ತು. ಸರ್ಫ್-ಎ-ಖಾಸ್ ನಿಜಾಮರ ಸ್ವಂತ ಖರ್ಚಿನದು. ಸಂಸ್ಥಾನದ ಸುಮಾರು ಮೂರನೆಯ ಒಂದು ಪಾಲು ಜಾಗೀರುಗಳಲ್ಲಿ ಹಂಚಿಹೋಗಿತ್ತು. ಜಾಗೀರೆಂದರೆ ಊರುಗಳ ಕಂದಾಯವನ್ನೇ ಒಬ್ಬ ಅಮೀರನಿಗೆ ಬರೆದುಕೊಡುವುದು. ಉಳುವವನು ಉಳುತ್ತಾನೆ, ಪಟೇಲ ಪಟವಾರಿಗಳು ವಸೂಲಿ ಮಾಡುತ್ತಾರೆ, ಹಣ ಸರ್ಕಾರಕ್ಕೆ ಹೋಗುವ ಬದಲು ಜಾಗೀರದಾರನ ದೇವಡಿಗೆ ಹೋಗುತ್ತದೆ. ಸಾಲಾರ್ ಜಂಗ್ ಮನೆತನದ ಜಾಗೀರಿನಲ್ಲಿ ಕೊಪ್ಪಳವಿತ್ತು, ಯಲಬುರ್ಗಾ ಇತ್ತು. ಎರಡೂ ಅಂದಿನ ರಾಯಚೂರು ಜಿಲ್ಲೆಯವು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ನಮ್ಮವೇ. ಮಸ್ಕಿಯಿಂದ ಸಿಂಧನೂರು, ಗಂಗಾವತಿ ದಾಟಿ ಮುಂದೆ ಹೋದರೆ ಸಿಗುವ ಊರು. ನಮ್ಮ ಎಷ್ಟೋ ಮನೆಗಳಿಗೆ ಅಲ್ಲಿಂದ ಹೆಣ್ಣು ಬಂದಿದೆ, ಅಲ್ಲಿಗೆ ಹೆಣ್ಣು ಹೋಗಿದೆ.

ಜಾಗೀರಿನ ಕಾಲ ಮುಗಿದು ಮುಕ್ಕಾಲು ಶತಮಾನ ಆಗಿದೆ. ಆದರೆ ಮಾತಿನಲ್ಲಿ ಇನ್ನೂ ಉಳಿದಿದೆ. ಕಂದಾಯದ ಪಟೇಲನ ಮನೆತನಕ್ಕೆ ಮಾಲಿಪಾಟೀಲ ಎಂಬ ಅಡ್ಡಹೆಸರು ಈಗಲೂ ಇದೆ. 'ಮಾಲ್' ಅಂದರೆ ಕಂದಾಯ. ಯಾರಾದರೂ ಎಲ್ಲದರ ಮೇಲೂ ಹಕ್ಕು ಸಾಧಿಸಲು ಬಂದರೆ 'ಏನು ನಿಮ್ಮಪ್ಪನ ಜಾಗೀರ?' ಎಂದು ಕೇಳುತ್ತೇವೆ. ಈ ಬೈಗುಳವನ್ನು ಜಾಗೀರೆಂದರೆ ಏನೆಂದು ಗೊತ್ತಿಲ್ಲದ ಹುಡುಗರೂ ಸರಿಯಾದ ಜಾಗದಲ್ಲೇ ಬಳಸುತ್ತಾರೆ.

ಇನ್ನು ಒಂದು ವರ್ಷದ ಮಾತು. ರೆಬೆಕ್ಕಾಳನ್ನು ಕೊಂಡದ್ದು ಮೊದಲನೆಯ ಸಾಲಾರ್ ಜಂಗ್, 1876ರಲ್ಲಿ, ಯುರೋಪ್ ಪ್ರವಾಸದಲ್ಲಿ, ರೋಮಿನಲ್ಲಿ. ಅದೇ 1876ರಲ್ಲಿ ದಖ್ಖನಿನಲ್ಲಿ ಮಳೆ ಕೈಕೊಟ್ಟಿತು. ಆಗ ಬಿದ್ದದ್ದೇ ಧಾತು ಈಶ್ವರ ಬರ, ಎರಡು ಸಂವತ್ಸರಗಳ ಹೆಸರನ್ನು ಒಟ್ಟಿಗೆ ಹೊತ್ತ ಬರ. ಬಳ್ಳಾರಿ, ಧಾರವಾಡ, ವಿಜಾಪುರ, ಮೈಸೂರು ಸೀಮೆ ಎಲ್ಲ ಕಡೆ ಜನ ಸತ್ತರು, ಊರು ಬಿಟ್ಟರು. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ರಾಯಚೂರು ಲಿಂಗಸುಗೂರು ಸೀಮೆಯೂ ಉಳಿಯಲಿಲ್ಲ. ಲಿಂಗಸುಗೂರು ಆಗ ಪ್ರತ್ಯೇಕ ಜಿಲ್ಲೆ; ರಾಯಚೂರಿಗೆ ಸೇರಿದ್ದು 1905ರಲ್ಲಿ.

ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ದಿವಾನರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಅವರು ಅಮೃತಶಿಲೆಯ ಮುಸುಕು ನೋಡುತ್ತ ನಿಂತಾಗ ಇಲ್ಲಿ ಇನ್ನೂ ಮುಂಗಾರು ಬರುವ ಹೊತ್ತೇ ಆಗಿರಲಿಲ್ಲ. ಮಳೆ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಒಂದು ಮಾತು ಹೇಳಬೇಕು. ನಿಜಾಮರ ಸಂಸ್ಥಾನದ ರೈತನ ಪಾಲಿಗೆ ಆ ಶತಮಾನದಲ್ಲಿ ಏನಾದರೂ ಒಳ್ಳೆಯದಾಗಿದ್ದರೆ ಅದರಲ್ಲಿ ದೊಡ್ಡ ಪಾಲು ಈ ದಿವಾನರದೇ. ಅವರು ಬರುವ ಮೊದಲು ಕಂದಾಯ ವಸೂಲಿಯನ್ನು ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದವನು ರೈತನಿಂದ ಹಿಂಡಿದ್ದೆಷ್ಟೋ, ಕೊಟ್ಟದ್ದೆಷ್ಟೋ. ಅವರು ಅದನ್ನು ತೆಗೆದು, 1865ರಲ್ಲಿ ಜಿಲ್ಲಾಬಂದಿ ಮಾಡಿ, ಸಂಬಳದ ಅಧಿಕಾರಿಗಳನ್ನು ಕೂರಿಸಿದರು. 1853ರಲ್ಲಿ ಸಾಲದ ಬಾಬ್ತಿಗೆಂದು ಬ್ರಿಟಿಷರ ಕೈಗೆ ಹೋಗಿದ್ದ ರಾಯಚೂರು ದೋಆಬ್ 1860ರಲ್ಲಿ ಹಿಂದಿರುಗಿದ್ದೂ ಅವರ ಕಾಲದಲ್ಲೇ. ನಾವು ತಹಶೀಲ ಕಚೇರಿಯ ಮುಂದೆ ಪಹಣಿಗೆ ಸಾಲು ನಿಲ್ಲುವ ವ್ಯವಸ್ಥೆಯ ಬೇರು ಅಲ್ಲಿದೆ. ಒಂದೇ ದಿಮ್ಮಿಗೆ ಎರಡು ಮುಖ ಎಂದೆನಲ್ಲ, ಅದನ್ನು ಸೈತಾನನ ಹೋಲಿಕೆಯಾಗಿ ತೆಗೆದುಕೊಳ್ಳಬೇಡಿ. ಸುಧಾರಕ ದಿವಾನ ಮತ್ತು ಜಾಗೀರದಾರ ಒಬ್ಬರೇ ಮನುಷ್ಯರಾಗಿದ್ದರು ಎಂದಷ್ಟೇ ಹೇಳುತ್ತಿದ್ದೇನೆ. ಎದುರಿನಿಂದ ನೋಡಿದರೆ ಒಬ್ಬರು, ಕನ್ನಡಿಯಲ್ಲಿ ಇನ್ನೊಬ್ಬರು.

ಮೂರನೆಯ ಸಾಲಾರ್ ಜಂಗರಿಗೂ ಸಲ್ಲಬೇಕಾದದ್ದು ಸಲ್ಲಬೇಕು. ದುಡ್ಡಿದ್ದವರೆಲ್ಲ ಕೊಂಡರು, ಕುದುರೆ ಕೊಂಡರು, ಕಾರು ಕೊಂಡರು. ಎಷ್ಟೋ ಅಮೀರರ ಮನೆಯ ಸಾಮಾನು ಮಕ್ಕಳು ಮೊಮ್ಮಕ್ಕಳಲ್ಲಿ ಹಂಚಿಹೋಗಿ, ಹರಾಜಾಗಿ, ಎಲ್ಲಿಗೋ ಹೋಯಿತು. ಈ ಮನುಷ್ಯ ಕೂಡಿಸಿದ್ದು ಒಂದೇ ಕಡೆ ಉಳಿಯಿತು. ಅದಕ್ಕೇ ಪಾಮನಕಲ್ಲೂರಿನ ರೈತನೊಬ್ಬ ಟಿಕೆಟ್ ತೆಗೆದುಕೊಂಡು ಹೋಗಿ ರೆಬೆಕ್ಕಾಳ ಎದುರು ಕನ್ನಡಕ ಒರೆಸಿಕೊಳ್ಳಲು ಆಯಿತು. ಅವರು ತೀರಿಕೊಂಡ ಐದು ತಿಂಗಳಿಗೆ, 1949ರ ಆಗಸ್ಟ್ 15ರಂದು, ಹೈದರಾಬಾದಿನ ಜಾಗೀರುಗಳನ್ನೆಲ್ಲ ರದ್ದು ಮಾಡುವ ಆಜ್ಞೆ ಹೊರಟಿತು. ಕೊಪ್ಪಳದ ಕಂದಾಯ ದೇವಡಿಗೆ ಹೋಗುವುದು ನಿಂತಿತು. ಎರಡು ವರ್ಷಕ್ಕೆ ದೇವಡಿಯ ಬಾಗಿಲು ಕೊಪ್ಪಳದವರಿಗೂ ತೆರೆಯಿತು.

ಹಾಗಾದರೆ ಕಾಕಾನ ಪ್ರಶ್ನೆ ಯಾಕೆ ನನ್ನನ್ನು ಬಿಡಲಿಲ್ಲ? ಯೋಚಿಸಿದಾಗ ಹೊಳೆದದ್ದು ನಮ್ಮ ಶಾಸನಗಳು. ಅದೇ ಯಲಬುರ್ಗಾ ಸೀಮೆಯಲ್ಲಿ ಇಟಗಿ ಇದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಅದೂ ಅಧಿಕಾರಿಯೊಬ್ಬ ಸಂಪತ್ತನ್ನು ಕಲೆಗೆ ಸುರಿದ ಕತೆಯೇ. ಅದರ ಕಂಬಗಳನ್ನು ನೋಡಿದವರಿಗೆ ಅಮೃತಶಿಲೆಯ ಮುಸುಕಷ್ಟೇ ಬೆರಗಾಗುತ್ತದೆ. ಆದರೆ ಆ ಕಾಲದ ಕನ್ನಡ ಶಾಸನಗಳಿಗೆ ಒಂದು ಅಭ್ಯಾಸವಿದೆ. ದೇವರನ್ನು ಸ್ತುತಿಸಿ, ರಾಜನನ್ನು ಹೊಗಳಿ, ಕಟ್ಟಿಸಿದವನ ವಂಶಾವಳಿ ಹೇಳಿ ಮುಗಿಸುವುದಿಲ್ಲ. ಈ ದೇವರ ದೀಪಕ್ಕೆ, ನೈವೇದ್ಯಕ್ಕೆ, ಕಟ್ಟಡ ಹಾಳಾದರೆ ದುರಸ್ತಿಗೆ ಯಾವ ಊರಿನ ಎಷ್ಟು ಮತ್ತರು ಕೆಯ್ ಬಿಟ್ಟಿದ್ದಾರೆ, ಆ ಹೊಲದ ಮೂಡಣಕ್ಕೆ ಏನಿದೆ, ತೆಂಕಣಕ್ಕೆ ಯಾವ ಹಳ್ಳವಿದೆ, ಎಣ್ಣೆಯ ಗಾಣದಿಂದ ಎಷ್ಟು, ಸಂತೆಯ ಸುಂಕದಿಂದ ಎಷ್ಟು ಎಂದು ಎಲ್ಲ ಬರೆದು, ಅಳಿಸಿದವನಿಗೆ ಶಾಪ ಹಾಕಿ ಮುಗಿಸುತ್ತವೆ. ಉಳುವವನ ಹೆಸರು ಅಲ್ಲೂ ಇರುವುದು ಅಪರೂಪ. ಆದರೆ ಹೊಲದ ಹೆಸರು ಇರುತ್ತದೆ. ಸೌಂದರ್ಯದ ಪಕ್ಕದಲ್ಲೇ ಅದರ ಖರ್ಚು ಎಲ್ಲಿಂದ ಬಂತೆಂದು ಕಲ್ಲಿನಲ್ಲಿ ಕೆತ್ತಿರುತ್ತದೆ, ಯಾರೂ ನಾಚಿಕೆಪಟ್ಟಿರುವುದಿಲ್ಲ.

ಶಾಸನದಲ್ಲಿ ಮತ್ತರು ಎಂದಿದೆ, ಕಾಕಾ ಕೂರಿಗಿ ಎಂದರು. ಪ್ರಶ್ನೆ ಒಂದೇ. ಅದು ಹಳ್ಳಿಯವನ ಪ್ರಶ್ನೆಯೆಂದು ನಕ್ಕವರಿಗೆ ಈ ನೆಲದಲ್ಲಿ ಸಾವಿರ ವರ್ಷ ಆ ಪ್ರಶ್ನೆಗೆ ಉತ್ತರ ಬರೆದಿಡುವ ಪದ್ಧತಿಯಿತ್ತೆಂದು ಹೇಳಬೇಕು. ನಾವು ಅದನ್ನು ಮರೆತು 'ಒಬ್ಬರೇ ಕೂಡಿಸಿದ್ದು' ಎಂಬ ಮಾತಿಗೆ ಬಂದಿದ್ದೇವೆ. ಕೊಳ್ಳುವ ಕಣ್ಣು ಒಬ್ಬರದಿರಬಹುದು. ಕೊಂಡ ದುಡ್ಡಿನಲ್ಲಿ ಕೊಪ್ಪಳದ ಜೋಳವಿತ್ತು, ಯಲಬುರ್ಗಾದ ಹತ್ತಿಯಿತ್ತು.

ಕೊಪ್ಪಳದ ಪಕ್ಕದಲ್ಲೇ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ 'ಕಿಟ್ಟ' ಬಳಿದು, ಮೇಲೆ ಬಣ್ಣ ಹಚ್ಚುತ್ತಾರೆ. ಗೌರಿ, ಕಾಮಧೇನು, ಗರುಡ. ನಮ್ಮ ಕಡೆ ಹಬ್ಬಕ್ಕೆ, ಜಾತ್ರೆಯ ರಥಕ್ಕೆ ಬರುತ್ತಿದ್ದ ಕಲೆ ಅದು. ಜಾಗೀರಿನ ಊರುಗಳಲ್ಲಿ ಕಣ್ಣಿಗೆ ಚೆಂದದ್ದನ್ನು ಮಾಡುವ ಕೈಗಳು ಇರಲಿಲ್ಲವೆಂದೇನಲ್ಲ. ಲೋಕದ ಚೆಂದದ ಸಾಮಾನೆಲ್ಲ ಬಂದು ಸೇರಿದ ಮನೆಗೆ ಹಣ ಕಳಿಸಿದವರು ತಾವೂ ಚೆಂದದ್ದನ್ನು ಬಲ್ಲವರಾಗಿದ್ದರು. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಹೈದರಾಬಾದಿಗೆ ಕರೆದೊಯ್ಯುವ ನಮ್ಮ ಕಡೆಯ ಮೇಷ್ಟ್ರುಗಳು ಗಡಿಯಾರ ತೋರಿಸಿದ ಮೇಲೆ ಇದಿಷ್ಟನ್ನೂ ಹೇಳಿದರೆ ಚೆನ್ನಾಗಿರುತ್ತದೆ. ಹೊಟ್ಟೆಕಿಚ್ಚು ಹುಟ್ಟಿಸಲು ಬೇಡ. ಇಲ್ಲಿ ತಮ್ಮದೂ ಪಾಲಿದೆ ಎಂದು ತಲೆಯೆತ್ತಿ ನೋಡಲಿ ಎಂದು.

ಸಂಜೆ ಚಹಾ ಕುಡಿದ ಮೇಲೆ ಕಾಕಾ ಅರಮನೆ ನೋಡಬೇಕೆಂದರು. ಪತ್ಥರ್‌ಗಟ್ಟಿಯ ಗದ್ದಲದಲ್ಲಿ ದಾರಿ ಕೇಳುತ್ತ ಹೋದೆವು. ದಿವಾನ್ ದೇವಡಿಯಲ್ಲಿ ಅರಮನೆ ಉಳಿದಿಲ್ಲ. ಆಯಿನಾ ಖಾನಾ ಇಲ್ಲ, ಚೀನಿ ಖಾನಾ ಇಲ್ಲ. ಹಳೆಯ ಕಮಾನು ನಿಂತಿದೆ, ಒಳಗೆಲ್ಲ ಬಟ್ಟೆಯ ಸಗಟು ಅಂಗಡಿಗಳು. ಕಮಾನಿನ ಕೆಳಗೆ ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಗಂಟು ಹೊತ್ತ ಹಮಾಲರು. ಸಾಮಾನು ಉಳಿದು ಮನೆ ಹೋದ ಅರಮನೆ ಇದು. ನಮ್ಮಲ್ಲಿ ಕೋಟೆ ಉಳಿದು ಒಳಗಿನದೆಲ್ಲ ಹೋದ ಊರುಗಳೇ ಹೆಚ್ಚು. ಕಾಕಾ ಕಮಾನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದರು. ಆಮೇಲೆ ಮೊಮ್ಮಗಳಿಗೆಂದು ಒಂದು ಜೊತೆ ಬಟ್ಟೆ ಆರಿಸಿದರು. ಅಂಗಡಿಯವನು ನಾವು ರಾಯಚೂರಿನ ಕಡೆಯವರೆಂದು ಮಾತಿನಲ್ಲೇ ಗುರುತು ಹಿಡಿದು ಕನ್ನಡ ಬೆರೆಸಿದ ಹಿಂದಿಯಲ್ಲಿ ಚೌಕಾಸಿಗೆ ನಿಂತ.

ವಾಪಸು ಬರುವಾಗ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಕೊಪ್ಪಳ, ಯಲಬುರ್ಗಾ, ಜಾಗೀರು, ಎಲ್ಲವನ್ನೂ ಮನಸ್ಸಿನಲ್ಲಿ ಕೂಡಿಸಿ ಕಳೆಯುತ್ತಿದ್ದರೆಂದು ಕಾಣುತ್ತದೆ. ನಯಾಪುಲ್ ದಾಟುವಾಗ ಕೇಳಿದರು.

"ತಮ್ಮಾ, ಕೊಪ್ಪಳದಾಗ ನಿಮ್ಮ ಕಾಕಿ ತವರಮನಿ ಐತಲ್ಲ?"

"ಹೌದು ಕಾಕಾ."

"ಹಂಗಾರ ಆಕಿ ಮನಿಯವ್ರ ರೊಕ್ಕಾನೂ ಅದರಾಗ ಐತಿ ಅಂದಂಗಾತು." ಒಂದು ಗಳಿಗೆ ಬಿಟ್ಟು ಸೇರಿಸಿದರು, "ಮತ್ತ ನಮ್ಮ ಕಡಿಂದ ಟಿಕೀಟಿನ ದುಡ್ಡು ಯಾಕ ತಗೊಂಡ್ರು ಅವರು?"